ಗಡ್ಡೆಯ ವರದಿ ಬಂದಿದೆ

ತಮ್ಮಾ,

ಮಂಗಳವಾರ ಬಾಯಿಂದ ಕೊಳವೆ ಇಳಿಸಿ, ಅದರೊಳಗೆ ಸೂಜಿ ಹಾಯಿಸಿ ಶ್ವಾಸಕೋಶದ ಗಡ್ಡೆಯ ಚೂರು ತೆಗೆದರು. "ಟೈಲರಿಗೇ ಸೂಜಿ ಭಯಾನಾ?" ಎಂದು ನರ್ಸಮ್ಮ ನಗಿಸಿದರು.

ನಿನ್ನೆ ನಮ್ಮ ಅಂಗಡಿಯಲ್ಲಿ ಕಾಜಾ ಹೊಲಿಯುವ ತಾತ ನೋಡಲು ಬಂದಿದ್ದರು. "ನಿನ್ ಮಿಷನ್ ಮೇಲೆ ಬೇರೆಯವನು ಕೂತಿದಾನಪ್ಪಾ. ಅಣ್ಣ ಇನ್ನು ಬರಲ್ಲ ಅಂತ ನಿನ್ ತಮ್ಮ ಗಿರಾಕಿಗಳಿಗೆಲ್ಲ ಹೇಳ್ಬಿಟ್ಟಿದಾನೆ. ಬೋರ್ಡಲ್ಲಿ ನಿನ್ ಹೆಸರು ಕಾಣದ ಹಾಗೆ ಸೋಮವಾರಾನೇ ಬಣ್ಣ ಬಳಿಸಿದಾನೆ" ಎಂದರು.

ಸೋಮವಾರ! ಮರುದಿನ ತಾನೇ ನೀನು ಆಸ್ಪತ್ರೆಯ ಬೆಂಚಿನ ಮೇಲೆ ನನ್ನ ಕೈ ಹಿಡಿದು ಅತ್ತಿದ್ದು? ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವವರನ್ನು ಬೇಕಾದಷ್ಟು ನೋಡಿದ್ದೇನೆ. ಸಾಯುವ ಮುಂಚೆಯೇ ಹೆಸರು ಅಳಿಸಿದವನು ನೀನೊಬ್ಬನೇ.

ವರದಿ ಏನಾಯಿತೆಂದು ನೀನು ಕೇಳಲಿಲ್ಲ, ನಾನೇ ಹೇಳುತ್ತೇನೆ. ಕ್ಯಾನ್ಸರ್ ಅಲ್ಲ, ಕ್ಷಯ. ಆರು ತಿಂಗಳು ಮಾತ್ರೆ ನುಂಗಿದರೆ ವಾಸಿಯಾಗುತ್ತದಂತೆ. ಮುಂದಿನ ತಿಂಗಳು ಕೆಲಸಕ್ಕೆ ಬರುತ್ತೇನೆ. ಅಷ್ಟರಲ್ಲಿ ನನ್ನ ಮಿಷನ್ ಖಾಲಿ ಮಾಡಿಸಿಡು.

ಇನ್ನೊಂದು ಮಾತು. ಇಷ್ಟು ವರ್ಷ ಒಂದೇ ಕೋಣೆಯಲ್ಲಿ ಕೂತು ಹೊಲಿದವರು ನಾವು, ನಿನಗೂ ಅಂಟಿರಬಹುದು. ತಡಮಾಡದೆ ಎದೆಯ ಎಕ್ಸ್‌ರೇ ತೆಗೆಸಿಕೋ. ಆಸ್ಪತ್ರೆಗೆ ಜೊತೆ ಬೇಕೆನಿಸಿದರೆ ನನ್ನನ್ನು ಮಾತ್ರ ಕರೆಯಬೇಡ.

ನಿನ್ನ ಅಣ್ಣ