ಅರಿವೆಯಲ್ಲಿ ಕಟ್ಟಿದ ಚಿಪ್ಪಿನ ಪುಡಿ

ಮರಳಿ
೨ ಸೆಪ್ಟೆಂಬರ್ ೨೦೨೪

ಪ್ರೀತಿಯ ಉಡಚಮ್ಮಾ,

ನಿನ್ನ ಮೊಣಕಾಲು ನೋವು ಹೇಗಿದೆ? ಮಾವನವರ ಕೆಮ್ಮು ಇಳಿಯಿತೇ? ಫೋನ್ ಮಾಡಿದರೆ ನೀನು ಎತ್ತುವುದಿಲ್ಲ. ಎತ್ತಿದರೂ ನಾನು ಅಲ್ಲಿ ಮಳೆ ಹೇಗೆ ಎಂದು ಕೇಳಿ ಇಟ್ಟುಬಿಡುತ್ತೇನೆ. ಅದಕ್ಕೇ ಈ ಕಾಗದವನ್ನು ನಿಮ್ಮೂರು ನವಲಿಗೆ ಬರುವ ಬಸ್ಸಿನ ಕಂಡಕ್ಟರ್ ರಾಜಾಸಾಬನ ಕೈಯಲ್ಲಿ ಕಳಿಸುತ್ತಿದ್ದೇನೆ. ಅವನು ಬಿಚ್ಚಿ ಓದಬಹುದೆಂಬ ಗುಮಾನಿಗೆ ಎರಡು ಸಲ ಅಂಟು ಹಚ್ಚುತ್ತೇನೆ.

ಇಲ್ಲಿ ಕೋಳಿಗಳು ತೊಗಲಿನಂಥ ತತ್ತಿ ಇಡುತ್ತಿವೆ. ನೀನು ಪಂಚಮಿಗೆಂದು ತವರಿಗೆ ಹೋದಮೇಲೆ ಚಿಪ್ಪು ತೆಳುವಾಗುತ್ತ ಬಂತು. ಈಗ ಕೆಲವಕ್ಕೆ ಚಿಪ್ಪೇ ಇಲ್ಲ, ಬರೀ ಪೊರೆ. ಹಿಡಿದರೆ ಬೆರಳು ಒಳಗಿಳಿಯುತ್ತದೆ. ಅವ್ವ ಅಂಥದೊಂದನ್ನು ಮೊರದಲ್ಲಿಟ್ಟುಕೊಂಡು ಓಣಿಗೆಲ್ಲ ತೋರಿಸಿದಳು. "ನೋಡ್ರವಾ, ಹೋಗೂ ಮುಂದ ಕೋಳಿಗೆ ಮಾಟದ ಕಟ್ಟು ಹಾಕಿ ಹೋಗ್ಯಾಳ ನನ್ನ ಸೊಸಿ." ಪಕ್ಕದ ಮನೆಯ ಹನುಮಂತಮ್ಮ ಬಿಡಲಿಲ್ಲ: "ಅಲ್ಲಬೇ ಅಮರವ್ವ, ನಿನ್ನ ಬಾಯಿಗೆ ಕಟ್ಟು ಹಾಕೂದ ಮರತಾಳ ನೋಡು ಆಕಿ." ಅಂದಿನಿಂದ ಅವರಿಬ್ಬರಿಗೂ ಮಾತಿಲ್ಲ.

ಹಬ್ಬಕ್ಕೆ ಮೊದಲು ಕೋಳಿಗೂಡಿನ ಹಿಂದೆ ಅವ್ವನಿಗೆ ಸಿಕ್ಕ ಗಂಟಿನ ವಿಷಯವನ್ನು ನಾವಿಬ್ಬರೂ ಮತ್ತೆ ಎತ್ತಲಿಲ್ಲ. ಒಡೆದ ಚಿಪ್ಪನ್ನು ಯಾರೂ ದಾಟಬಾರದೆಂದು ದೂರದ ತಿಪ್ಪೆಗೆ ಹಾಕಿಸುವವಳು ಅವ್ವ. ಅದನ್ನು ನೀನು ಹುರಿದು, ಪುಡಿಮಾಡಿ, ಅರಿವೆಯಲ್ಲಿ ಕಟ್ಟಿಟ್ಟರೆ ಅವಳಿಗದು ಮಾಟವೇ. "ನನ್ನ ಮಗಗ ಇದನ್ನ ತಿನ್ನಸಾಕ ಹತ್ತೀಯೇನ?" ಎಂದು ಕೇಳಿದಾಗ ನೀನು ನನ್ನ ಮುಖ ನೋಡಿದೆ. ನಾನು ಪುಡಿ ಕೂತಿದೆಯೇನೋ ಎಂದು ಬಟ್ಟಲಿನ ಸಾರಿನ ತಳ ನೋಡುತ್ತಿದ್ದೆ.

ಮೊನ್ನೆ ಗಂಗಾವತಿಯಲ್ಲಿ ಕೋಳಿ ಫೀಡ್ ಮಾರುವ ತಾಹೇರನನ್ನು ಕೇಳಿದೆ. ಏನು ಹಾಕುತ್ತೀರಿ ಎಂದ. ನುಚ್ಚು, ತೌಡು ಎಂದೆ. "ಬರೇ ನುಚ್ಚು ತಿಂದು ಚಿಪ್ಪು ಎಲ್ಲಿಂದ ತರಬೇಕ್ರೀ ಅದು? ಕ್ಯಾಲ್ಸಿಯಂ ಬೇಕು. ಸಿಗಲಿಲ್ಲಂದ್ರ ತನ್ನ ಎಲುಬಿಂದ ತಗದು ತತ್ತಿಗೆ ಕೊಡತೈತಿ, ಆಮ್ಯಾಲೆ ಕುಂಟತೈತಿ. ತತ್ತಿ ಚಿಪ್ಪು ಹುರದು ಪುಡಿ ಮಾಡಿ ಹಾಕ್ರಿ, ಸಾಕು." ಚೀಲ ಮಾರುವವನೇ ಚೀಲ ಬೇಡ ಎಂದದ್ದರಿಂದ ನಂಬಿದೆ. ಮನೆಗೆ ಬಂದು ನೋಡಿದರೆ ಕೆಂಪು ಹ್ಯಾಟೆ ಕೋಳಿ ಒಂದು ಕಾಲು ಎಳೆಯುತ್ತಿತ್ತು.

ಹಾಗಾದರೆ ಆ ಪುಡಿ ಕೋಳಿಗಳದ್ದು. ನಿರಾಳವಾಗಬೇಕಿತ್ತು, ಆಗಲಿಲ್ಲ. ಇನ್ನೊಂದು ಅನುಮಾನ ಹುಟ್ಟಿತು: ಕೋಳಿಗೆ ಎಂದು ನೀನು ಅಂದೇ ಯಾಕೆ ಹೇಳಲಿಲ್ಲ? ಒಂದೇ ಮಾತು ಸಾಕಿತ್ತು. ಬಹುಶಃ ಹೇಳದೆಯೂ ನಾನು ನಂಬುತ್ತೇನೋ ಇಲ್ಲವೋ ಎಂದು ನೀನು ನೋಡುತ್ತಿದ್ದೆ. ನೋಡಿಯಾಯಿತು.

ಅವ್ವನಿಗೆ ತಾಹೇರನ ಮಾತು ತಿಳಿಸಿದೆ. "ಅಂಗಡಿಯವಗೂ ಆಕೀನ ಹೇಳಿಕೊಟ್ಟಾಳ," ಎಂದಳು.

ಅತ್ತೆ, ಮಾವನವರಿಗೆ ನಮಸ್ಕಾರ ತಿಳಿಸು. ನಿನಗೆ ಏನು ತಿಳಿಸಬೇಕೋ ಗೊತ್ತಾಗದೆ ಹೆಸರಷ್ಟೇ ಬರೆಯುತ್ತಿದ್ದೇನೆ.

ಗೌರೀಶ

ತಾ.ಕ.: ಬಸ್ಸು ಬಂತು. ಅವ್ವ ಗುರುವಾರ ನವಲಿಗೆ ಹೊರಟಿದ್ದಾಳೆ. ರಾಜಿಮಾತಿಗಲ್ಲ, ನಿಮ್ಮ ಮನೆಯ ತತ್ತಿ ಹಿಚುಕಿ ನೋಡಲು. ಗಟ್ಟಿಯಿದ್ದರೆ ನಮ್ಮ ಚಿಪ್ಪನ್ನು ಅಲ್ಲಿಗೆ ಒಯ್ದಿದ್ದೀ ಎನ್ನುತ್ತಾಳೆ. ತೆಳುವಿದ್ದರೆ ಅಲ್ಲಿಯೂ ಕೈಯಾಡಿಸಿದ್ದೀ ಎನ್ನುತ್ತಾಳೆ. ನಾನೂ ಜೊತೆಗೆ ಬರುತ್ತಿದ್ದೇನೆ. ಅವಳು ಬಾಯಿ ತೆರೆಯುವ ಮೊದಲೇ, ಮಾವನವರ ಎದುರಿಗೇ, ಅದು ಮಾಟವಲ್ಲವೆಂದು ನಾನು ಹೇಳುತ್ತೇನೆ. ಆಮೇಲೆ ಮರಳಿಗೆ ಬರುವುದು ಬಿಡುವುದು ನಿನಗೆ ಸೇರಿದ್ದು.