ಗಾಡಿಯ ಕಾಗದದಲ್ಲಿ ನನ್ನ ಹೆಸರು

ಹಡಪಸರ, ಪುಣೆ
ಏಪ್ರಿಲ್ ೬, ಭಾನುವಾರ

ಅತ್ತೆಯವರಿಗೆ,

ನಿಮ್ಮ ಕಾಲು ಮುಟ್ಟಿ ಬರೆಯಲು ಕೂತಿದ್ದೇನೆ. ಸಿಟ್ಟಿದ್ದರೂ ಕಾಲು ಹಿಂದಕ್ಕೆ ಎಳೆದುಕೊಳ್ಳಬೇಡಿ. ನೀವು ಬಾರಾಮತಿಗೆ, ಮಗಳು ಸುರಭಿಯ ಮನೆಗೆ ಹೋಗಿ ಇವತ್ತಿಗೆ ಹನ್ನೊಂದು ದಿನವಾಯಿತು. ಫೋನ್ ಮಾಡಿದರೆ ನನ್ನ ದನಿ ಕೇಳಿದ ಕೂಡಲೇ ಮಗಳ ಕೈಗೆ ದಾಟಿಸಿಬಿಡುತ್ತೀರಿ. ಈ ಕಾಗದವನ್ನು ಹಾಗೆ ದಾಟಿಸಲು ಆಗುವುದಿಲ್ಲ. ಸುರಭಿ ಕಲಿತದ್ದು ಮರಾಠಿ ಶಾಲೆಯಲ್ಲಿ, ಆ ಮನೆಯಲ್ಲಿ ಕನ್ನಡ ಓದಲು ಬರುವವರು ನೀವೊಬ್ಬರೇ. ಇದನ್ನು ಯೋಚಿಸಿಯೇ ಬರೆಯುತ್ತಿದ್ದೇನೆ. ನಿಮ್ಮ ಸೊಸೆ ಅಷ್ಟೇನೂ ದಡ್ಡಳಲ್ಲ.

ನಿಮಗೆ ನಾನು ಅರ್ಧ ಮಾತ್ರ ಹೇಳಿದ್ದೆ. ಆ ತಪ್ಪು ನನ್ನದು. ಪೂರ್ತಿ ಇಲ್ಲಿ ಹೇಳುತ್ತೇನೆ.

ನಿಮ್ಮ ಮೊಮ್ಮಗಳು ಪ್ರಣೀತಾ ಜರ್ಮನಿಯ ಓದು, ಕೆಲಸ ಎರಡನ್ನೂ ಮುಗಿಸಿ ಮನೆಗೆ ಬರುತ್ತಿದ್ದಾಳೆ. ಹೋದ ವರ್ಷ ಅಲ್ಲಿ ಒಂದು ಮೋಟರ್‌ಸೈಕಲ್ ಕೊಂಡಳಲ್ಲ, ಅದನ್ನು ಮಾರಿ ವಿಮಾನ ಹತ್ತುವುದಿಲ್ಲವಂತೆ. ಓಡಿಸಿಕೊಂಡೇ ಪುಣೆಗೆ ಬರುತ್ತಾಳಂತೆ. ಟರ್ಕಿ, ಜಾರ್ಜಿಯಾ, ರಷ್ಯಾ, ಕಜಕಿಸ್ತಾನ, ಚೀನಾ, ನೇಪಾಳ ದಾಟಿ ಸುನೌಲಿಯಲ್ಲಿ ನಮ್ಮ ದೇಶದೊಳಕ್ಕೆ. “ಒಬ್ಬಳೇ ಬೇಡ” ಎಂದು ನಾನು ಹೇಳಿದೆ. “ಹಾಗಾದರೆ ನೀನು ಬಾ ಅಮ್ಮಾ, ಹಿಂದೆ ಕೂರಲು ಅಲ್ಲ, ಅರ್ಧ ದಾರಿ ನೀನು ಓಡಿಸಲು” ಎಂದಳು. ನಾನು ಬೈಯಲು ಬಾಯಿ ತೆರೆದವಳು ಹೂಂ ಎಂದುಬಿಟ್ಟೆ. ನಲವತ್ತೊಂಬತ್ತು ವರ್ಷದ ಹೆಂಗಸಿಗೆ ಯಾಕೆ ಈ ಉಸಾಬರಿ ಎಂದು ನೀವು ಕೇಳಬಹುದು. ಆಸೆಯಾಯಿತು, ಅಷ್ಟೇ. ಇಪ್ಪತ್ತನೇ ವರ್ಷಕ್ಕೆ ಅಪ್ಪನ ರಾಜದೂತ್ ಹತ್ತಿ ವಿಜಯಪುರದಿಂದ ಬಸವನ ಬಾಗೇವಾಡಿಯವರೆಗೆ ಹೋಗಿ ಬಂದವಳು ನಾನು. ಆ ಕೈ ಇನ್ನೂ ಮರೆತಿಲ್ಲ.

ಇನ್ನು ಕಾಗದಗಳ ಮಾತು. ಊರೂರು ದಾಟುವುದಕ್ಕಿಂತ ಕಾಗದ ದಾಟುವುದು ಕಷ್ಟ. ಗಾಡಿ ಕೊಂಡ ಕರಾರು, ಅಲ್ಲಿನ ನೋಂದಣಿ, ಪ್ರಣೀತಾ ಅಲ್ಲೇ ವಾಸವಿದ್ದಳು ಎಂಬ ದಾಖಲೆ, ದೇಶಕ್ಕೊಂದು ವಿಮೆ. ಕಾರ್ನೆ ಎಂಬ ಒಂದು ಪುಸ್ತಕ ಬೇರೆ ಇದೆ. ಅದು ಗಾಡಿಯ ಪಾಸ್‌ಪೋರ್ಟ್ ಇದ್ದ ಹಾಗೆ. ಕೆಲವು ಗಡಿಗಳಲ್ಲಿ ಒಳಗೆ ಹೋಗುವಾಗ ಒಂದು ಠಸ್ಸೆ, ಹೊರಗೆ ಬರುವಾಗ ಒಂದು ಠಸ್ಸೆ. ಗಾಡಿಯನ್ನು ಅಲ್ಲೇ ಮಾರಿಲ್ಲ ಎಂಬುದಕ್ಕೆ ಅದೇ ಸಾಕ್ಷಿ. ಗಾಡಿ ಮಗಳ ಹೆಸರಿನಲ್ಲಿರುವುದರಿಂದ ನಾನು ಓಡಿಸಬೇಕಾದರೆ ಅವಳ ಒಪ್ಪಿಗೆಯ ಪತ್ರ, ಅದರ ರಷ್ಯನ್ ಅನುವಾದ. ಜೊತೆಗೆ ಹೊರದೇಶದಲ್ಲಿ ಓಡಿಸುವ ಪರವಾನಗಿ. ಅದನ್ನು ನಮ್ಮ ಆರ್‌ಟಿಓದಲ್ಲೇ ಕೊಡುತ್ತಾರೆ, ಲೈಸೆನ್ಸ್ ಮತ್ತು ಪಾಸ್‌ಪೋರ್ಟ್ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ.

ಅಲ್ಲಿ ಸಿಕ್ಕಿಬಿದ್ದೆ. ಪಾಸ್‌ಪೋರ್ಟ್ ಶಾಲಿನಿ ಸಿದ್ದಾರೂಢ ಕೋರಿಯದು. ಲೈಸೆನ್ಸ್ ನೀತಾ ರಾಮಲಿಂಗಪ್ಪ ಬಿರಾದಾರಳದು. ಕಿಟಕಿಯ ಆ ಕಡೆ ಇದ್ದವರು ಕನ್ನಡಕ ಮೇಲೆತ್ತಿ, “ಮ್ಯಾಡಮ್, ಮಾಣೂಸ್ ಏಕ್, ನಾವಂ ದೋನ್?” ಎಂದರು. ವ್ಯಕ್ತಿ ಒಬ್ಬಳೇ, ಹೆಸರು ಎರಡು ಹೇಗೆ ಎಂದು. ಆಸ್ಪತ್ರೆಯ ರೆಕಾರ್ಡ್ ಕೋಣೆಯಲ್ಲಿ ಇಪ್ಪತ್ತು ವರ್ಷದಿಂದ ರೋಗಿಗಳ ಹೆಸರು ತಾಳೆ ನೋಡುವವಳು ನಾನು. ಅವರ ಮೇಲೆ ಸಿಟ್ಟಾಗಲಿಲ್ಲ. ಆ ಕುರ್ಚಿಯಲ್ಲಿ ನಾನಿದ್ದರೂ ಅದನ್ನೇ ಕೇಳುತ್ತಿದ್ದೆ.

ಎರಡು ಹೆಸರು ಹೇಗೆ ಬಂತು ಎಂಬುದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಮದುವೆಯ ದಿನ ತಟ್ಟೆಯ ಅಕ್ಕಿಯಲ್ಲಿ ನಿಮ್ಮ ಮಗ ಉಂಗುರದಿಂದ ನನ್ನ ಹೊಸ ಹೆಸರು ಬರೆದರು. ಆರಿಸಿದವರು ನೀವು. ನಿಮಗೆ ಆಗ ದೊಡ್ಡ ತೊಡಕೇ ಇತ್ತು. ಸುರಭಿ ಆಗಿನ್ನೂ ಸುರಭಿಯಾಗಿರಲಿಲ್ಲ, ಅವಳೂ ನೀತಾ. “ಒಂದ ಮನ್ಯಾಗ ಇಬ್ಬರು ನೀತಾ ಆದ್ರ ಒಬ್ಬಾಕಿನ್ನ ಕರದ್ರ ಇಬ್ಬರೂ ಬರ್ತಾರ” ಎಂದಿರಿ. ನಿಮ್ಮ ಮಗನೂ, “ತಂಗಿ ಹೆಸರು ಹಿಡದು ಹೆಂಡತೀನ ಹ್ಯಾಂಗ ಕರೀಲಿ” ಎಂದರಂತೆ. ಸರಿ, ಒಪ್ಪಿದೆ. ವರ್ಷ ತುಂಬುವುದರೊಳಗೆ ನಿಮ್ಮ ಮಗಳೂ ಮದುವೆಯಾಗಿ ಬಾರಾಮತಿಗೆ ಹೋದಳು. ಅಲ್ಲಿಯವರು ಅವಳನ್ನು ಸುರಭಿ ಮಾಡಿದರು. ನಮ್ಮ ಮನೆಯಲ್ಲಿ ಒಬ್ಬ ನೀತಾಳೂ ಉಳಿಯಲಿಲ್ಲ. ಆಗ ಯಾರಾದರೂ, ಇನ್ನು ನಿನ್ನ ಹೆಸರು ನೀನು ಇಟ್ಟುಕೋ ಎಂದು ಹೇಳುತ್ತಾರೇನೋ ಎಂದು ಕೆಲವು ದಿನ ಕಾದಿದ್ದೆ. ಯಾರಿಗೂ ಹೊಳೆಯಲಿಲ್ಲ. ನಾನೂ ಬಾಯಿ ಬಿಡಲಿಲ್ಲ.

ಲೈಸೆನ್ಸ್ ಒಂದು ಹೇಗೋ ಉಳಿದುಕೊಂಡಿತು. ಇಪ್ಪತ್ತು ವರ್ಷದ ಅವಧಿ ಮುಗಿದು ಅದನ್ನು ನವೀಕರಿಸುವಾಗಲೂ ಬೇಕೆಂದೇ ಹೆಸರು ಬದಲಿಸಲಿಲ್ಲ. ನಿಮ್ಮ ಮಗನಿಗೂ ತೋರಿಸಲಿಲ್ಲ. ಪರ್ಸಿನಲ್ಲಿ ಅದೊಂದು ಇದ್ದರೆ ಸಾಕು ಅನಿಸುತ್ತಿತ್ತು.

ಈಗ ಎಲ್ಲರೂ ಹೇಳಿದ್ದು ಒಂದೇ ಮಾತು. ಶಾಲಿನಿ ಎಂದು ಹತ್ತು ಕಾಗದಗಳಿವೆ, ನೀತಾ ಎಂದು ಒಂದು. ಆ ಒಂದನ್ನು ಬದಲಿಸು. ಇವರು, “ಒಂದ ದಿನದ ಕೆಲಸ ಅದ, ಏಜೆಂಟಗ ಹೇಳಿಬಿಡ್ತೀನಿ” ಎಂದರು. ಅದು ಸುಲಭ ಎಂದು ನನಗೂ ಗೊತ್ತಿತ್ತು. ಅರ್ಜಿ ತುಂಬಲು ಕೂತೂ ಇದ್ದೆ. ಹಳೆಯ ಹೆಸರು ಎಂಬ ಕಡೆ ನೀತಾ ಎಂದು ಬರೆದೆ. ಹೊಸ ಹೆಸರು ಎಂಬ ಕಡೆ ಪೆನ್ನು ಮುಂದೆ ಹೋಗಲಿಲ್ಲ. ಇಷ್ಟು ದೇಶಗಳನ್ನು ದಾಟುವಾಗ ಪ್ರತಿ ಗಡಿಯಲ್ಲೂ ಒಬ್ಬರು ನನ್ನ ಮುಖ ನೋಡಿ ಹೆಸರು ಕೂಗುತ್ತಾರೆ. ಗಾಡಿ ಓಡಿಸಲು ಕಲಿತವಳು ಯಾರೋ ಅವಳನ್ನೇ ಕೂಗಲಿ ಅನಿಸಿತು. ಅರ್ಜಿಯನ್ನು ಮಡಚಿಟ್ಟು, ಹತ್ತು ಕಾಗದಗಳನ್ನೇ ಬದಲಿಸುತ್ತೇನೆ ಎಂದು ಇವರಿಗೆ ಹೇಳಿದೆ. ಇವರು ಮರುದಿನ ನೋಟರಿಯ ಬಳಿಗೆ ತಾವೇ ಕರೆದುಕೊಂಡು ಹೋದರು. ಈಗ ನನ್ನನ್ನು ಕರೆಯುವಾಗ ಯಾವ ಹೆಸರೂ ಹಿಡಿಯದೆ “ಕೇಳಿಲ್ಲಿ” ಎನ್ನುತ್ತಾರೆ, ಪಾಪ.

ಪ್ರಮಾಣಪತ್ರವಾಯಿತು, ಗೆಜೆಟ್ಟಿಗೆ ಹೋಯಿತು. ಪತ್ರಿಕೆಯಲ್ಲಿ ಪ್ರಕಟಣೆ ಕೊಡಬೇಕಿತ್ತು. ಅಲ್ಲಿ ನಾನು ಮಾಡಿದ್ದು ದೊಡ್ಡ ತಪ್ಪು. ನಿಮಗೆ ಮರಾಠಿ ಓದಲು ಬರುವುದಿಲ್ಲ, ಗೊತ್ತಾಗುವುದಿಲ್ಲ ಎಂದು ಲೆಕ್ಕ ಹಾಕಿದೆ. ಪಕ್ಕದ ಮನೆಯವರು ಓದಿ ಹೇಳುತ್ತಾರೆ ಎಂದು ಹೊಳೆಯಲಿಲ್ಲ. ಶ್ರದ್ಧಾಂಜಲಿಗಳ ಕೆಳಗಿನ ಚೌಕದಲ್ಲಿ, ಶಾಲಿನಿ ಕೋರಿ ಎಂಬ ನಾನು ಇನ್ನು ಮುಂದೆ ಆ ಹೆಸರಿನವಳಲ್ಲ ಎಂದು ಇದ್ದದ್ದನ್ನು ನೀವು ಅವರ ಬಾಯಿಂದ ಕೇಳಬೇಕಾಯಿತು. ನನ್ನ ಬಾಯಿಂದಲ್ಲ. ಇದಕ್ಕೆ ನಿಮ್ಮ ಕ್ಷಮೆ ಬೇಡುತ್ತೇನೆ. ಹೆಸರಿಗಲ್ಲ, ಇದಕ್ಕೆ.

ನೀವು ಸೀರೆ ಮಡಚಿ ಚೀಲಕ್ಕೆ ಹಾಕುತ್ತ ಹೇಳಿದ್ದು ಇನ್ನೂ ಕಿವಿಯಲ್ಲಿದೆ. “ಶಾಲಿನಿ ಇದ್ದರ ನನ್ನ ಕರೀರಿ. ಈ ನೀತಾ ಯಾರೋ ನನಗ ಗೊತ್ತಿಲ್ಲ.” ಆ ಮಾತು ನನ್ನನ್ನು ಸುಟ್ಟಿತು. ಪ್ರಣೀತಾ ಹುಟ್ಟಿದಾಗ ನನ್ನ ಬಾಣಂತನ ಮಾಡಿದವರು ನೀವು. ನನಗೆ ಟೈಫಾಯ್ಡ್ ಆದಾಗ ಗಂಜಿ ಹಿಡಿದು ಪಕ್ಕದಲ್ಲೇ ಕೂತಿದ್ದವರು ನೀವು. ಬೇಡ ಎಂದದ್ದಕ್ಕೆ, “ನಿಮ್ಮವ್ವ ಇದ್ದರ ಹಿಂಗ ಬ್ಯಾಡ ಅಂತಿದ್ದೇನು” ಎಂದು ಗದರಿಸಿ ಕುಡಿಸಿದ್ದಿರಿ. ಆ ಗಂಜಿ ಕುಡಿದವಳು ನೀತಾಳೂ ಹೌದಲ್ಲ ಅತ್ತೆ? ನೀವು ಪ್ರೀತಿಯಿಂದ ಸಾಕಿದ ಶಾಲಿನಿಯನ್ನು ನಾನು ಬಿಸಾಡುತ್ತಿಲ್ಲ. ಮನೆಯಲ್ಲಿ ನೀವು ಯಾವತ್ತೂ ಹಾಗೆಯೇ ಕರೆಯಿರಿ, ಓಗೊಡುತ್ತೇನೆ. ಕಾಗದದಲ್ಲಿ ಮಾತ್ರ ಹಿಂದಕ್ಕೆ ಹೋಗುವುದಿಲ್ಲ. ನೀವು ಬಂದರೂ ಹೋಗುವುದಿಲ್ಲ, ಬರದಿದ್ದರೂ ಹೋಗುವುದಿಲ್ಲ. ಹೊಸ ಪಾಸ್‌ಪೋರ್ಟ್ ಹೋದ ವಾರ ಬಂತು, ಪರವಾನಗಿ ಮೊನ್ನೆ ಸಿಕ್ಕಿತು. ಮುಂದಿನ ತಿಂಗಳು ಎಂಟಕ್ಕೆ ಜರ್ಮನಿಗೆ ಹೊರಡುತ್ತೇನೆ.

ಆದರೆ ನೀವು ಮೆಟ್ಟಿಲು ಇಳಿಯುವಾಗ ಇನ್ನೊಂದು ಮಾತು ಹೇಳಿದಿರಿ. ಇವರಿಗೆ ಕೇಳಿಸಲಿಲ್ಲ, ನನಗೆ ಕೇಳಿಸಿತು. “ನನಗೂ ತವರಮನ್ಯಾಗ ಬ್ಯಾರೆ ಹೆಸರಿತ್ತು. ನಾ ಏನ್ ಪೇಪರಿನ್ಯಾಗ ಹಾಕಿಸೀನೇನು?”

ಆಗ ನನ್ನ ತಲೆಯಲ್ಲಿ ಸಿಟ್ಟು ತುಂಬಿತ್ತು. ನಿಮ್ಮ ಚೀಲ ಆಟೋದಲ್ಲಿಟ್ಟು ಒಳಗೆ ಬಂದುಬಿಟ್ಟೆ. ನಾಲ್ಕು ದಿನವಾದ ಮೇಲೆ, ಕೆಲಸದ ನಡುವೆ, ಯಾರದೋ ಫೈಲು ಕೈಯಲ್ಲಿ ಹಿಡಿದಿದ್ದಾಗ ಆ ಮಾತು ಮತ್ತೆ ಬಂದು ನಿಂತಿತು. ಮನೆಗೆ ಬಂದು ಕಪಾಟಿನಲ್ಲಿದ್ದ ನಿಮ್ಮ ಕಾಗದಗಳನ್ನೆಲ್ಲ ತೆಗೆದು ನೋಡಿದೆ. ರೇಷನ್ ಕಾರ್ಡು, ಮತದಾರರ ಚೀಟಿ, ಆಧಾರ, ಮಾವನವರ ಪಿಂಚಣಿಯ ಪುಸ್ತಕ. ಎಲ್ಲದರಲ್ಲೂ ಪಾರವ್ವ ಒಬ್ಬರೇ. ನನಗಾದರೂ ಒಂದು ಲೈಸೆನ್ಸ್ ಉಳಿದಿತ್ತು. ನಿಮಗೆ ಒಂದು ತುಂಡು ಕಾಗದವೂ ಇಲ್ಲ. ಇವರನ್ನು ಕೇಳಿದೆ, ತಾಯಿಯ ಹೆಸರು ಪಾರವ್ವ ಅಲ್ಲದೆ ಇನ್ನೇನು ಎಂದರು. ಸುರಭಿಯನ್ನು ಕೇಳಿದೆ, ಅವಳಿಗೂ ಗೊತ್ತಿಲ್ಲ. ಇಪ್ಪತ್ತೇಳು ವರ್ಷ ಒಂದೇ ಒಲೆಯ ಮುಂದೆ ನಿಂತು ನಾನೂ ಕೇಳಲಿಲ್ಲ. ನನ್ನ ಹೆಸರು ಯಾರೂ ಕೇಳಲಿಲ್ಲ ಎಂದು ಒಳಗೊಳಗೇ ದೂರುತ್ತಿದ್ದವಳು ನಾನೇ.

ಬರುವ ಭಾನುವಾರ ಬೆಳಿಗ್ಗೆ ಬಾರಾಮತಿಗೆ ಬರುತ್ತೇನೆ. ಬಾಗಿಲು ತೆರೆಯಬೇಕಾದವರು ನೀವು. ಬೈದರೆ ಬೈಯಿರಿ, ಕೂತು ಕೇಳುತ್ತೇನೆ. ಬೈದು ಮುಗಿದ ಮೇಲೆ ಒಂದೇ ಒಂದು ಹೇಳಿ, ನಿಮ್ಮ ತವರಿನಲ್ಲಿ ನಿಮ್ಮನ್ನು ಏನೆಂದು ಕರೆಯುತ್ತಿದ್ದರು?

ಬಿಪಿ ಮಾತ್ರೆ ತಪ್ಪಿಸಬೇಡಿ. ನಿಮ್ಮ ಆಶೀರ್ವಾದ ಇಲ್ಲದೆಯೂ ಹೋಗುತ್ತೇನೆ, ಆದರೆ ಇದ್ದರೆ ಧೈರ್ಯವಾಗಿ ಹೋಗುತ್ತೇನೆ. ನೀವು ನೂರು ವರ್ಷ ಚೆನ್ನಾಗಿರಿ.

ಲಕೋಟೆಯ ಮೇಲೆ ಪಾರವ್ವ ಎಂದೇ ಬರೆದಿದ್ದೇನೆ. ಈ ಒಂದು ಸಲಕ್ಕೆ ಕ್ಷಮಿಸಿ, ನನಗೆ ಇನ್ನೊಂದು ಗೊತ್ತಿಲ್ಲ.

ನಿಮ್ಮ ಸೊಸೆ,
ನೀತಾ