ಜಾಕೆಟ್ಟಿನ ಒಳಜೇಬು

ಸೆಪ್ಟೆಂಬರ್ 28, ಶನಿವಾರ, ಬೆಳಿಗ್ಗೆ 5.30

ಪ್ರಾರ್ಥನೆ ಆಯಿತು. ಟೀ ಒಲೆಯ ಮೇಲಿದೆ. ಇವರಿನ್ನೂ ಎದ್ದಿಲ್ಲ. ಪ್ಲಂಬರ್ ನಿದ್ದೆ — ಗೊರಕೆಯಲ್ಲೂ ಯಾವುದೋ ಪೈಪು ಬಿಗಿಯುತ್ತಿದ್ದಾರೆ.

ಕಿಟಕಿಯಿಂದ ಗುಡ್ಡ ಕಾಣುತ್ತಿದೆ. ತುದಿಯಲ್ಲಿ ಕಲ್ಲಿನ ಗುಡಿ, ಅಕ್ಕಿಕಾಳಿನಷ್ಟು. ಹತ್ತೊಂಬತ್ತು ವರ್ಷ ಒಂದು ಭಾನುವಾರವನ್ನೂ ತಪ್ಪಿಸಿದವಳಲ್ಲ. ಹೋದ ವರ್ಷ ಅರ್ಧ ದಾರಿಯಲ್ಲಿ ಮಳೆ ಹಿಡಿಯಿತು. ತೊಯ್ದು ತೊಪ್ಪೆಯಾಗಿ ಬಂದೆ. ನ್ಯುಮೋನಿಯಾ. ನಾನು ಹೊಲಿಗೆ ಕೆಲಸ ಮಾಡುವ ಆಸ್ಪತ್ರೆಯಲ್ಲೇ, ನಾನೇ ಅಂಚು ಹೊಲಿದ ಬೆಡ್‌ಶೀಟಿನ ಮೇಲೆ ಹನ್ನೊಂದು ದಿನ ಮಲಗಿದ್ದೆ. ಅಂಚು ನೆಟ್ಟಗಿತ್ತು, ಅದೊಂದು ಸಮಾಧಾನ.

ನಿನ್ನೆ ಡಾಕ್ಟರಮ್ಮ ಎದೆಗೆ ಕೊಳವೆ ಇಟ್ಟು ನೋಡಿ, "ಗುಡ್ಡ ಹತ್ತಿ, ಅಡ್ಡಿಯಿಲ್ಲ. ಆದ್ರೆ ನೆನೀಬೇಡಿ, ಚಳಿ ಹಿಡಿಸ್ಕೋಬೇಡಿ" ಅಂದರು. ಇವರು ಮನೆಗೆ ಬಂದು ಅದನ್ನೇ ಕಾನೂನು ಮಾಡಿದರು.

"ಒಂದು ಹನಿ ಒಳಗೆ ಬರದಂಥ ಜಾಕೆಟ್ ಸಿಕ್ಕಿದ್ರೆ ಗುಡ್ಡ. ಇಲ್ಲಾಂದ್ರೆ ಕಿಟಕಿಯಿಂದಲೇ ಕೈ ಮುಗಿ."

ಇವರಿಗೆ ದೇವರಲ್ಲಿ ನಂಬಿಕೆ ಇಲ್ಲವೆಂದಲ್ಲ. ಏರುದಾರಿಯಲ್ಲಿ ಇಲ್ಲ.

ಅಕ್ಟೋಬರ್ 1, ಮಂಗಳವಾರ

ಕೆಲಸ ಮುಗಿಸಿ ಇಬ್ಬರೂ ಅಂಗಡಿಗೆ ಹೋದೆವು. ಮೊದಲನೆಯದು ರಬ್ಬರು ಬಳಿದದ್ದು. ನೀರು ಬರುವುದಿಲ್ಲ, ಗಾಳಿಯೂ ಬರುವುದಿಲ್ಲ. ಅಂಗಡಿಯ ಮೆಟ್ಟಿಲನ್ನೇ ನಾಲ್ಕು ಸಲ ಹತ್ತಿ ಇಳಿದೆ. ಒಳಗೆಲ್ಲ ಬೆವರು. ಮಳೆಯ ಬದಲು ನನ್ನದೇ ನೀರಿನಲ್ಲಿ ನೆನೆಯುವ ಏರ್ಪಾಡು.

ಎರಡನೆಯದು ಪುಕ್ಕ ತುಂಬಿದ್ದು. ಆಹಾ, ಬೆಚ್ಚಗೆ! ಆದರೆ ಮಳೆಗೆ? "ತುಂತುರಿಗೆ ಏನಾಗಲ್ಲ" ಎಂದ ಅಂಗಡಿಯವನು. ಗುಡ್ಡದ ಮಳೆಗೆ ತುಂತುರು ಅಂದರೇನೆಂದೇ ಗೊತ್ತಿಲ್ಲ. ಇವರು ನನ್ನನ್ನು ಸುತ್ತು ಹಾಕಿ ನೋಡಿ, "ಥೇಟ್ ಸುತ್ತಿಟ್ಟ ಹಾಸಿಗೆ ಕಣೇ" ಅಂದರು. ಬಿಚ್ಚಿಟ್ಟೆ. ಅಂಗಡಿಯವನೂ ನಕ್ಕನಲ್ಲ, ಅದಕ್ಕೆ ಸಿಟ್ಟು ಬಂತು.

ಅಕ್ಟೋಬರ್ 5, ಶನಿವಾರ, ಸಂಜೆ

ಸಿಕ್ಕಿತು!

ಬಸ್‌ಸ್ಟ್ಯಾಂಡಿನ ಹಿಂದೆ ಬೆಟ್ಟ ಹತ್ತುವವರ ಸಾಮಾನಿನ ಅಂಗಡಿ. ನಡೆಸುವವಳು ನನ್ನ ಓರಗೆಯವಳೇ, ಮೊಣಕಾಲಿಗೆ ಪಟ್ಟಿ ಕಟ್ಟಿಕೊಂಡಿದ್ದಾಳೆ. ಬೆಟ್ಟ ಹತ್ತಿಯೇ ಸವೆದ ಮೊಣಕಾಲು ಎಂದು ಹೆಮ್ಮೆಯಿಂದ ಹೇಳಿದಳು. ಈ ಹೆಂಗಸು ಸುಳ್ಳು ಹೇಳುವುದಿಲ್ಲ ಅನ್ನಿಸಿತು.

ಎರಡು ಪದರದ ಜಾಕೆಟ್. ಮೇಲಿನದು ತೆಳ್ಳಗೆ, ನೀರು ತಡೆಯುವುದು. ಒಳಗಿನದು ಮೆತ್ತಗೆ, ಬೆಚ್ಚಗೆ. ಜಿಪ್ ಬಿಚ್ಚಿ ಬೇರೆ ಮಾಡಬಹುದು. ಬರೀ ಚಳಿಯಿದ್ದರೆ ಒಳಗಿನದು, ಬರೀ ಮಳೆಗೆ ಮೇಲಿನದು, ಗುಡ್ಡಕ್ಕೆ ಎರಡೂ. ಕಂಕುಳ ಕೆಳಗೂ ಜಿಪ್ ಇದೆ, ಏರುವಾಗ ಸೆಕೆಯಾದರೆ ತೆಗೆಯಲು. ಟೋಪಿಗೆ ಮುಂದೆ ಚಾಚಿದ ಅಂಚು — ಕನ್ನಡಕದ ಮೇಲೆ ನೀರು ಬೀಳುವುದಿಲ್ಲ. ಸೊಂಟ ದಾಟುವ ಉದ್ದ. ಕೆಲಸಕ್ಕೂ ಹಾಕಿಕೊಂಡು ಹೋಗಬಹುದು.

ನಾನು ಮೊದಲು ಒಳಮಗ್ಗುಲು ಮಗುಚಿ ಹೊಲಿಗೆ ನೋಡಿದೆ. ಹೊಲಿಗೆ ಸಾಲಿನ ಮೇಲೆಲ್ಲ ಪಟ್ಟಿ ಅಂಟಿಸಿದ್ದಾರೆ. ಅಚ್ಚುಕಟ್ಟು. ಯಾಕೆ ಅಂಟಿಸಿದ್ದಾರೆ ಎಂದು ಮಾತ್ರ ಕೇಳಲಿಲ್ಲ.

ಅಂಗಡಿಯಾಕೆ ನಕ್ಕು, "ಟೈಲರಮ್ಮ ಅಲ್ವಾ ನೀವು?" ಅಂದಳು.

ಬಣ್ಣಕ್ಕೆ ಜಗಳ. ಇವರಿಗೆ ಕಿತ್ತಳೆ ಬೇಕು. "ಮಂಜಲ್ಲಿ ಕಳೆದುಹೋದ್ರೆ ಹುಡುಕೋಕೆ ಸುಲಭ."

"ದೇವರ ಮುಂದೆ ಕೂರೋಕೆ ಹೋಗ್ತಿರೋದು ರೀ, ರಸ್ತೆ ರಿಪೇರಿಗಲ್ಲ."

ಕಡುಹಸಿರು ತಂದೆವು.

ಅಕ್ಟೋಬರ್ 6, ಭಾನುವಾರ

ಇವರ ಪರೀಕ್ಷೆ. ಒಳಗೆ ದಿನಪತ್ರಿಕೆ ತುಂಬಿ, ಕತ್ತು ಕಟ್ಟಿ, ಬಚ್ಚಲಲ್ಲಿ ಶವರ್ ಕೆಳಗೆ ನೇತುಹಾಕಿದರು. ಅರ್ಧ ಗಂಟೆ. ಸ್ಟೂಲ್ ಹಾಕಿಕೊಂಡು ಎದುರಿಗೇ ಕೂತರು, ಕಳ್ಳನನ್ನು ಕಾಯುವ ಹಾಗೆ. ಪತ್ರಿಕೆ ಹಪ್ಪಳದಂತೆ ಗರಿಗರಿಯಾಗಿಯೇ ಹೊರಬಂತು.

"ಪಾಸು. ಇಪ್ಪತ್ತನೇ ತಾರೀಖು ಭಾನುವಾರ ಹೋಗು" ಅಂದರು. ದೇವರೇ, ನಿನ್ನ ದಯೆ.

ಅಕ್ಟೋಬರ್ 8, ಮಂಗಳವಾರ

ಜಾಕೆಟ್ಟಿನ ಜೇಬುಗಳೆಲ್ಲ ಓರೆ. ಅಮ್ಮನ ಪ್ರಾರ್ಥನೆ ಪುಸ್ತಕ ನೆಟ್ಟಗೆ ಕೂರುವುದಿಲ್ಲ. ಗುಡಿಯಲ್ಲಿ ಕೂತು ಒಂದು ಪುಟ ಓದದಿದ್ದರೆ ಹತ್ತಿದ್ದೇ ದಂಡ. ಮಧ್ಯಾಹ್ನ ಊಟದ ಬಿಡುವಿನಲ್ಲಿ ಎದೆಯ ಒಳಮಗ್ಗುಲಿಗೆ ಪುಸ್ತಕದ ಅಳತೆಯ ಜೇಬು ಹೊಲಿದೆ. ಒಳಪದರಕ್ಕೆ ಹಾಕಿದರೆ ಜೋತು ಬೀಳುತ್ತದೆ ಎಂದು ಮೇಲುಪದರಕ್ಕೇ ಸೂಜಿ ಇಳಿಸಿದೆ. ಗಟ್ಟಿಯಿರಲೆಂದು ಎರಡು ಸಾಲು. ಆಸ್ಪತ್ರೆಯ ಹೊಲಿಗೆ, ನೂರು ಒಗೆತಕ್ಕೂ ಬಿಡುವುದಿಲ್ಲ.

ನಮ್ಮ ಆಸ್ಪತ್ರೆ ಬಟ್ಟೆಕೋಣೆಯ ಇಸ್ತ್ರಿಯಕ್ಕ ಬೆರಳಾಡಿಸಿ ನೋಡಿ, "ಕಂಪನಿಯೋರೇ ಹಾಕಿದ ಹಾಗಿದೆ ಕಣೇ" ಅಂದಳು. ಹಿಗ್ಗಿದೆ. ಹಿಗ್ಗಬಾರದಿತ್ತು.

ಅಕ್ಟೋಬರ್ 11, ಶುಕ್ರವಾರ

ಕೆಲಸಕ್ಕೆ ಹೋಗುವಾಗ ಜೋರು ಮಳೆ. ಖುಷಿಯಿಂದ ನಿಧಾನಕ್ಕೇ ನಡೆದೆ. ಬಟ್ಟೆಕೋಣೆಗೆ ಬಂದು ಬಿಚ್ಚಿದರೆ — ಎದೆಯ ಹತ್ತಿರ ಒದ್ದೆ. ಅಂಗೈಯಗಲ. ಪುಸ್ತಕದ ಮೂಲೆ ಮೆತ್ತಗಾಗಿದೆ.

ಸೂಜಿ ಇಳಿದ ಕಡೆಯೆಲ್ಲ ತೂತು. ಒಂದೊಂದು ಹೊಲಿಗೆಗೆ ಒಂದೊಂದು. ಎರಡು ಸಾಲು. ಆ ಪಟ್ಟಿ ಯಾಕೆ ಅಂಟಿಸಿದ್ದರು ಎಂದು ಈಗ ತಿಳಿಯಿತು. ಮೂವತ್ತು ವರ್ಷದ ಹೊಲಿಗೆಯವಳು ನಾನು!

ಪುಸ್ತಕವನ್ನು ಇಸ್ತ್ರಿಯಕ್ಕ ದಿಂಬಿನ ಚೀಲಗಳ ನಡುವೆ ಇಟ್ಟು ಒಣಗಿಸಿಕೊಟ್ಟಳು. ಅಮ್ಮ ಪೆನ್ಸಿಲಿನಲ್ಲಿ ಬರೆದದ್ದು ಹಾಗೇ ಇದೆ.

"ನಿಮ್ಮೋರಿಗೆ ಹೇಳ್ತೀಯಾ?"

"ಹೇಳಿದ್ರೆ ಗುಡ್ಡ ಹೋಯ್ತು."

ಅಕ್ಟೋಬರ್ 17, ಗುರುವಾರ, ಬೆಳಿಗ್ಗೆ 5.30

ಐದು ದಿನ ಬರೆಯಲಿಲ್ಲ. ಸುಳ್ಳು ಬರೆಯಲು ಕೈ ಬರಲಿಲ್ಲ, ನಿಜ ಬರೆಯಲು ಮುಖ ಇರಲಿಲ್ಲ. ದಿನವೂ ಜಾಕೆಟ್ ಹಾಕಿದೆ. ಮೋಡ ನೋಡಿದರೆ ಎದೆಗೆ ಕೈಯಿಟ್ಟುಕೊಂಡೆ. ಇವರು ಮೊನ್ನೆ "ಹೇಗಿದೆ ಜಾಕೆಟ್?" ಅಂದರು. "ಬೆಚ್ಚಗಿದೆ" ಅಂದೆ. ಬೆಚ್ಚಗಿರುವುದು ನಿಜವೇ. ಆದರೆ ಇವರು ಕೇಳಿದ್ದು ಅದಲ್ಲ.

ಮೂರು ದಿನದಿಂದ ಪ್ರಾರ್ಥನೆಯಲ್ಲಿ ಮಾತು ಅರ್ಧಕ್ಕೇ ನಿಲ್ಲುತ್ತಿದೆ. ಗುಡ್ಡ ಹತ್ತಿ ಯಾವ ಮುಖ ತೋರಿಸಲಿ? ಇವರು ಎದ್ದ ಕೂಡಲೇ ಹೇಳಿಬಿಡುತ್ತೇನೆ. ಹೋಗುವುದು ತಪ್ಪಿದರೆ ತಪ್ಪಲಿ.

ಅದೇ ದಿನ, 7 ಗಂಟೆ

ಹೇಳಿದೆ. ಜಾಕೆಟ್ ಮಗುಚಿ ತೋರಿಸಿದೆ. ಹಲ್ಲುಜ್ಜುತ್ತಿದ್ದವರು ಬ್ರಷ್ ಬಾಯಲ್ಲೇ ಇಟ್ಟುಕೊಂಡು ನೋಡಿದರು. ಬಾಯಿ ತೊಳೆದು ಬಂದು ಕೂತರು.

"ನೀನು ಮಲಗಿದ್ದಾಗ ವಾರ್ಡಿನ ಹೊರಗೆ ಒಂದು ನಲ್ಲಿ ತೊಟ್ಟಿಕ್ತಿತ್ತು. ಹನ್ನೊಂದು ದಿನ. ಒಂದು ವಾಷರ್ ಹಾಕಿದ್ರೆ ಸಾಕಿತ್ತು. ನಂಗೆ ಎದ್ದು ಹೋಗೋಕೂ ಆಗ್ಲಿಲ್ಲ ಕಣೇ."

ಈ ಮನುಷ್ಯ ಪಕ್ಕದ ಮನೆಯ ನಲ್ಲಿ ತೊಟ್ಟಿಕ್ಕಿದರೂ ಸುಮ್ಮನಿರುವವರಲ್ಲ.

"ಹಾಗಾದ್ರೆ... ಗುಡ್ಡ ಬೇಡ್ವಾ?" ಅಂದೆ.

"ಜಾಯಿಂಟ್ ಸೋರಿದ್ರೆ ಪೈಪ್ ಎಸೀತಾರಾ? ನೀನು ಹೇಳದೇ ಹೋಗಿದ್ರೆ ಮಾತ್ರ..." ಪೂರ್ತಿ ಮಾಡಲಿಲ್ಲ. ಟೀ ಕೇಳಿದರು.

ಅಕ್ಟೋಬರ್ 18, ಶುಕ್ರವಾರ

ಇವರೇ ಅಂಗಡಿಗೆ ಹೋಗಿ ಅಂಟಿಸುವ ಪಟ್ಟಿ ತಂದರು. ಅಂಗಡಿಯಾಕೆ ಬಿದ್ದು ಬಿದ್ದು ನಕ್ಕಳಂತೆ. "ಅವತ್ತು ಮಗುಚಿ ನೋಡಿದಾಗಲೇ ಅಂದ್ಕೊಂಡೆ, ಈಯಮ್ಮ ಸುಮ್ನೆ ಬಿಡಲ್ಲ ಅಂತ!"

ಜೇಬು ಬಿಚ್ಚಿದೆ. ಆಸ್ಪತ್ರೆಯ ಹೊಲಿಗೆ, ಬಿಚ್ಚಲು ಒಂದು ಗಂಟೆ. ಇಸ್ತ್ರಿಯಕ್ಕ ಸಣ್ಣ ಕಾವಿನಲ್ಲಿ ತೂತಿನ ಸಾಲುಗಳ ಮೇಲೆ ಪಟ್ಟಿ ಕೂರಿಸಿದಳು. ಜೇಬನ್ನು ಬೆಚ್ಚನೆಯ ಒಳಪದರಕ್ಕೆ ಹೊಲಿದೆ. ಸ್ವಲ್ಪ ಜೋತು ಬೀಳುತ್ತದೆ. ಬೀಳಲಿ.

ಸಂಜೆ ಮತ್ತೆ ಶವರ್, ಮತ್ತೆ ದಿನಪತ್ರಿಕೆ, ಮತ್ತೆ ಸ್ಟೂಲು. ಈ ಸಲ ನಾನೂ ಇನ್ನೊಂದು ಸ್ಟೂಲ್ ಹಾಕಿಕೊಂಡು ಪಕ್ಕದಲ್ಲಿ ಕೂತೆ. ಅರ್ಧ ಗಂಟೆ ಇಬ್ಬರೂ ಏನೇನೋ ಮಾತಾಡಿದೆವು. ಎಷ್ಟು ದಿನವಾಗಿತ್ತು ಹಾಗೆ ಕೂತು. ಪತ್ರಿಕೆ ಒಣಗಿಯೇ ಇತ್ತು.

ಅಕ್ಟೋಬರ್ 20, ಭಾನುವಾರ, ಬೆಳಿಗ್ಗೆ 6.10

ಪ್ರಾರ್ಥನೆ ಇವತ್ತು ಪೂರ್ತಿ ಬಂತು. ಫ್ಲಾಸ್ಕಿನಲ್ಲಿ ಟೀ. ಪುಸ್ತಕ ಜೇಬಿನಲ್ಲಿ. ಗುಡ್ಡದ ತುದಿ ಮೋಡದೊಳಗೆ. ಗುಡಿ ಕಾಣುತ್ತಿಲ್ಲ, ಇದೆ.

ಇವರು ಹೊಸ್ತಿಲಲ್ಲಿ ಕೂತು ಬೂಟಿನ ಲೇಸು ಕಟ್ಟುತ್ತಿದ್ದಾರೆ. ಮೈಮೇಲೆ ಕೆಲಸದ ಹಳೇ ರೇನ್‌ಕೋಟು.

"ನೀವೆಲ್ಲಿಗೆ ರೀ?"

"ಟೆಸ್ಟಿಂಗ್. ಶವರ್ ಬೇರೆ, ಮಳೆ ಬೇರೆ."

"ಏರುದಾರಿ ಇದೆ."

"ಗೊತ್ತು. ನೀನು ಮುಂದೆ ಹೋಗು, ನಾನು ಜಾಕೆಟ್ ನೋಡ್ಕೊಂಡು ಹಿಂದೆ ಬರ್ತೀನಿ."

ಹನಿ ಶುರುವಾಯಿತು. ಇವರ ರೇನ್‌ಕೋಟಿನ ಬೆನ್ನಲ್ಲಿ ದೊಡ್ಡ ಹರಕು, ಈಗ ಕಣ್ಣಿಗೆ ಬಿತ್ತು. ಹೊಲಿಯಬೇಕು — ಅಲ್ಲ, ಹೊಲಿಯಬಾರದು, ಪಟ್ಟಿ ಮಿಕ್ಕಿದೆ, ಎಲ್ಲಿಟ್ಟೆ ಅಂದರೆ — ಇರಲಿ, ಇವರು ಬಾಗಿಲಿಂದ ಕರೆಯುತ್ತಿದ್ದಾರೆ, ಹೊರಟೆ.